ಮುಂದಕ್ಕೆ ಒಂದು, ಹಿಂದಕ್ಕೆ ನಾಲ್ಕು

ತೊಂದರೆ ಶುರುವಾದದ್ದು ಬೆಂಕಿಪೊಟ್ಟಣದಷ್ಟು ಗಾತ್ರದ ಎರಡು ಕಬ್ಬಿಣದ ತುಂಡುಗಳಿಂದ.

ಬೆಳಿಗ್ಗೆ ಎಂಟು ಗಂಟೆಗೆ ಗಡಿಯಾರಪ್ಪ ತನ್ನ ಹಳೇ ಕಾರಿನ ಹಿಂಭಾಗದ ಕೆಳಗೆ ಅಂಗಾತ ಮಲಗಿ ಆ ತುಂಡುಗಳನ್ನೇ ನೋಡುತ್ತಿದ್ದ. ಅವು ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ಲಿನ ಕೆಳಗಡೆ ಇದ್ದವು. ಇರಬೇಕಾಗಿದ್ದದ್ದು ಮೇಲ್ಗಡೆ.

ಗಡಿಯಾರಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬಸ್ ನಿಲ್ದಾಣದ ಪಕ್ಕದಲ್ಲಿ ಬೀರುವಿನಷ್ಟು ಅಗಲದ ಅಂಗಡಿಯೊಳಗೆ ಕೂತು ಇಪ್ಪತ್ತೆರಡು ವರ್ಷ ಕೈಗಡಿಯಾರ ರಿಪೇರಿ ಮಾಡಿದವನಿಗೆ ಬೀದಿಯವರು ಕೊಟ್ಟ ಬಿರುದು. ದಿನವಿಡೀ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆ ಕಾಳಿನಷ್ಟು ಸ್ಕ್ರೂಗಳ ಜೊತೆ ಬದುಕುವವನಿಗೆ ಕಾರು ಒಂದು ದೊಡ್ಡ ಗಡಿಯಾರದ ಹಾಗೆ ಕಂಡಿತ್ತು. ಅದರಲ್ಲೂ ಚಕ್ರ, ಇದರಲ್ಲೂ ಚಕ್ರ. ಅದರಲ್ಲೂ ಹಲ್ಲು, ಇದರಲ್ಲೂ ಹಲ್ಲು. "ಇದರಲ್ಲಿ ಇನ್ನೂ ಸುಲಭ ಕಣೇ, ಸ್ಕ್ರೂ ಬಿದ್ರೆ ಕಣ್ಣಿಗೆ ಕಾಣತ್ತೆ" ಎಂದು ಹೆಂಡತಿಗೆ ಹೇಳಿದ್ದ. ಆಮೇಲೆ ಒಂದು ಸ್ಕ್ರೂ ಅವನ ಕಾಲಿನ ಮೇಲೆ ಬಿದ್ದು ಹೆಬ್ಬೆರಳಿನ ಉಗುರು ಕಪ್ಪಾಗಿತ್ತು.

ಕಾರಿಗೆ ಐವತ್ತು ದಾಟಿತ್ತು. ಅಷ್ಟು ಹಳೆಯ ಗಾಡಿಗಳೆಲ್ಲ ಸಾರಿಗೆ ಕಚೇರಿಯಲ್ಲಿ ಪರೀಕ್ಷೆಯಾಗಿ ವಿಶೇಷ ಪರವಾನಗಿ ಪಡೆಯಬೇಕು, ಪಡೆಯದವು ಗುಜರಿ ಯಂತ್ರಕ್ಕೆ ಎಂದು ಹೊಸ ಆದೇಶ ಬಂದಿತ್ತು. ಮೂರು ವಾರದ ಹಿಂದೆ ಗಡಿಯಾರಪ್ಪ ಪರೀಕ್ಷೆಗೆ ಹೋಗಿದ್ದ. ಹಿಂದಿನ ಆಕ್ಸಲ್ಲು ಕರೆಯದೆ ಬಂದ ನೆಂಟನ ಹಾಗೆ ದಾರಿಯುದ್ದಕ್ಕೂ ಗೊಣಗಿತು. ಬ್ರೇಕು ಒತ್ತಿದಾಗ ಕಾರು ಸಾವಕಾಶವಾಗಿ, ಸಾಧಕ ಬಾಧಕಗಳನ್ನೆಲ್ಲ ಯೋಚಿಸಿ, ಬಿಳಿ ಗೆರೆ ದಾಟಿ ನಾಲ್ಕು ಮಾರು ಆಚೆ ಹೋಗಿ ನಿಂತಿತು.

"ನಿಮ್ಮ ಗಾಡಿ ಹೋಗತ್ತೆ, ನಿಲ್ಲಲ್ಲ" ಎಂದಿದ್ದರು ಇನ್ಸ್‌ಪೆಕ್ಟರು. "ನಮಗೆ ಎರಡೂ ಬೇಕು. ಆಕ್ಸಲ್ ಬದಲಾಯಿಸಿ, ಬ್ರೇಕು ಒಳ್ಳೇದು ಹಾಕಿಸಿ, ಕೊನೇ ತಾರೀಕಿನೊಳಗೆ ಬನ್ನಿ."

ಆ ಕೊನೇ ತಾರೀಕು ಇವತ್ತು. ಕಚೇರಿ ಬಾಗಿಲು ಹಾಕುವುದು ಸಂಜೆ ಐದಕ್ಕೆ.

ಗಡಿಯಾರಪ್ಪನಿಗೆ ಕಾರಿನ ಮೇಲೆ ಅಂಥ ಭಾವುಕ ಪ್ರೀತಿಯೇನೂ ಇರಲಿಲ್ಲ. ಇದ್ದದ್ದು ಒಂದು ಆಸೆ. ಕೊಂಡು ಹನ್ನೊಂದು ವರ್ಷವಾಗಿದ್ದರೂ ಆ ಸವೆದ ಆಕ್ಸಲ್ಲಿನ ದೆಸೆಯಿಂದ ಅವನು ನಲವತ್ತರ ವೇಗ ದಾಟಿರಲಿಲ್ಲ. ದಾಟಿದರೆ ಕಾರು ಕಿರುಚುತ್ತಿತ್ತು, ಪಕ್ಕದಲ್ಲಿ ಕೂತ ಹೆಂಡತಿ ಅದಕ್ಕಿಂತ ಜೋರಾಗಿ. ಹನ್ನೊಂದು ವರ್ಷ ಎಲ್ಲರಿಗೂ ಸೈಡು ಕೊಟ್ಟಿದ್ದ. ಹಾಲಿನ ಗಾಡಿಗೆ ಕೊಟ್ಟಿದ್ದ, ಟ್ರ್ಯಾಕ್ಟರಿಗೆ ಕೊಟ್ಟಿದ್ದ. ಒಂದು ಸಲ, ಒಂದೇ ಸಲ, ದೊಡ್ಡ ರಸ್ತೆಯಲ್ಲಿ ಕಿಟಕಿ ಇಳಿಸಿ ಟಾಪ್ ಗೇರಿನಲ್ಲಿ ಎಂಬತ್ತರ ವೇಗದಲ್ಲಿ ಹೋಗಬೇಕು. ಮನುಷ್ಯ ಚಿಕ್ಕವನು, ಆಸೆಯೂ ಚಿಕ್ಕದು. ಅದಕ್ಕಾಗಿಯೇ ಗುಜರಿಯಾದ ಒಂದು ವ್ಯಾನಿನಿಂದ ಡಿಸ್ಕ್ ಬ್ರೇಕು ಸಮೇತ ಹಿಂದಿನ ಆಕ್ಸಲ್ಲನ್ನು ಹುಡುಕಿ ತಂದಿದ್ದ. ಮುಂದಿನ ಚಕ್ರಗಳಿಗೂ ಹೋದ ವಾರವೇ ಹೊಸ ಡಿಸ್ಕು ಕೂರಿಸಿದ್ದ. ಉಳಿದದ್ದು ಈ ಆಕ್ಸಲ್ಲು ಏರಿಸುವ ಕೆಲಸ ಮಾತ್ರ.

ಆದರೆ ವ್ಯಾನಿನಲ್ಲಿ ಪಟ್ಟಿ ಸ್ಪ್ರಿಂಗು ಆಕ್ಸಲ್ಲಿನ ಕೆಳಗೆ ಕೂರುತ್ತಿತ್ತು. ಕಾರಿನಲ್ಲಿ ಮೇಲೆ ಕೂರಬೇಕು. ಸ್ಪ್ರಿಂಗು ಕೂರುವ ಪೀಠಗಳಾದ ಆ ಎರಡು ತುಂಡುಗಳನ್ನು ಕತ್ತರಿಸಿ ಮೇಲ್ಗಡೆ ಬೆಸುಗೆ ಹಾಕಿದರೆ ಮುಗಿಯಿತು. ವೆಲ್ಡರ್ ಎಂಟಕ್ಕೆ ಬರುತ್ತೇನೆಂದಿದ್ದವನು ಕಣ್ಣಿಗೆ ಕಿಡಿ ಬಿದ್ದು ಪಟ್ಟಿ ಕಟ್ಟಿಕೊಂಡು ಮಲಗಿದ್ದ.

"ಬೇರೆ ವೆಲ್ಡರ್ ಇಲ್ವಾ?" ಹೆಂಡತಿ ಚಹಾದ ಲೋಟವನ್ನು ಕಾರಿನ ಕೆಳಗೆ ತೂರಿಸುತ್ತ ಕೇಳಿದಳು.

"ಇದಾನೆ. ನಾಳೆ ಬರ್ತಾನಂತೆ."

"ನಾಳೆ ಬಂದು ಗುಜರಿಗೆ ಬೆಸುಗೆ ಹಾಕ್ತಾನಾ?"

ಗಂಡ ಲೋಟವನ್ನು ಹತ್ತಿರ ಎಳೆದುಕೊಂಡ. ಅಷ್ಟರಲ್ಲಿ ಗೇಟಿನ ಹತ್ತಿರ ಎರಡು ಜೊತೆ ಚಪ್ಪಲಿ ಕಾಣಿಸಿದವು. ಕಾರಿನ ಕೆಳಗೆ ಮಲಗಿದವನಿಗೆ ಜನ ಚಪ್ಪಲಿಯಿಂದಲೇ ಗುರುತಾಗುತ್ತಾರೆ. ಹೊಳಪು ಮಾಡಿದ ಜೊತೆ ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರದು. ದಾರದ ಎಳೆ ಅಂಟಿಕೊಂಡ ಜೊತೆ ಪಕ್ಕದ ಮನೆಯ ಟೈಲರ್‌ನದು. ಇಬ್ಬರಿಗೂ ಕಾರಿನ ವಿಷಯ ಏನೂ ಗೊತ್ತಿರಲಿಲ್ಲ, ಆದ್ದರಿಂದ ಅಭಿಪ್ರಾಯಗಳಿಗೆ ಕೊರತೆ ಇರಲಿಲ್ಲ.

"ಏನಪ್ಪಾ ಗಡಿಯಾರಪ್ಪ, ಹೊರಡೋದು ಎಷ್ಟೊತ್ತಿಗೆ?" ಹೆಡ್‌ಮಾಸ್ತರರ ದನಿ.

ಗಡಿಯಾರಪ್ಪ ತೆವಳಿಕೊಂಡು ಹೊರಬಂದು ವಿಷಯ ಹೇಳಿದ. ಟೈಲರ್ ಕುಕ್ಕರಗಾಲಲ್ಲಿ ಕೂತು ಆಕ್ಸಲ್ಲನ್ನು ಅಂಗಿಯ ಬಟ್ಟೆಯ ಹಾಗೆ ಎರಡು ಬೆರಳಲ್ಲಿ ಮುಟ್ಟಿ ನೋಡಿದ.

"ಇಷ್ಟೇನಾ? ಅಲ್ಲ ಅಣ್ಣಾ, ಅಂಗಿ ಕಾಲರ್ ಸವೆದ್ರೆ ನಾವೇನು ಮಾಡ್ತೀವಿ? ಹೊಸಾ ಕಾಲರ್ ಹೊಲೀತೀವಾ? ಬಿಚ್ಚಿ, ಮಗುಚಿ, ಹೊಲಿದುಬಿಡ್ತೀವಿ. ಕೆಳಗಿಂದು ಮೇಲೆ ಬಂತು. ನಾಲ್ಕು ವರ್ಷ ನಿಶ್ಚಿಂತೆ."

"ಅಂದ್ರೆ?"

"ಆಕ್ಸಲ್ ಮಗುಚಿ ಹಾಕಿ! ಆ ಎರಡು ತುಂಡು ತಾವಾಗೇ ಮೇಲೆ ಬರ್ತಾವೆ. ವೆಲ್ಡರ್ ಯಾಕೆ?"

ಎಲ್ಲರೂ ಬಾಯಿ ತೆರೆದು ಆಕ್ಸಲ್ಲನ್ನೇ ನೋಡಿದರು. ದೊಡ್ಡ ಸತ್ಯಗಳು ಹೊರಬಿದ್ದಾಗ ಹಾಗೇ ಆಗುತ್ತದೆ. ದೊಡ್ಡ ಸುಳ್ಳುಗಳು ಹೊರಬಿದ್ದಾಗಲೂ.

ಹೆಡ್‌ಮಾಸ್ತರರು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಚಿತ್ರ ಬರೆದರು. "ನೋಡಿ. ಇದು ಎಡ ಚಕ್ರ. ಇದು ಬಲ ಚಕ್ರ. ಮಧ್ಯೆ ಈ ಗುಂಡಗಿನ ಡಬ್ಬಿ. ಎಂಜಿನ್ನಿಂದ ಬರೋ ಕಂಬಿ ಡಬ್ಬಿಯ ಮುಂದಿನ ಮೂತಿಗೆ ಸೇರತ್ತೆ. ಎಡದ್ದನ್ನ ಬಲಕ್ಕೆ, ಬಲದ್ದನ್ನ ಎಡಕ್ಕೆ ತಿರುಗಿಸಿದ್ರೂ ಮೂತಿ ಮುಂದಕ್ಕೇ ಇರತ್ತೆ. ಎರಡೂ ಕಡೆ ಸಮ. ಸಮವಾದದ್ದನ್ನ ಮಗುಚಿದ್ರೂ ಸಮ. ಮೂವತ್ತು ವರ್ಷ ರೇಖಾಗಣಿತ ಪಾಠ ಮಾಡಿದೀನಿ."

ಹೆಂಡತಿ ಖಾಲಿ ಲೋಟ ಹಿಡಿದು ನಿಂತೇ ಇದ್ದಳು. "ಮಗುಚಿದ್ರೆ ಉಲ್ಟಾ ತಿರುಗಲ್ವಾ ಅದು?"

ಮೂವರು ಗಂಡಸರೂ ಅವಳ ಕಡೆ ಕನಿಕರದಿಂದ ನೋಡಿದರು.

"ತಾಯೀ" ಎಂದರು ಹೆಡ್‌ಮಾಸ್ತರರು, "ನಿಮ್ಮ ಲಟ್ಟಣಿಗೆ ಇದೆಯಲ್ಲ, ಅದರ ಎಡಗಡೆ ಹಿಡಿ ಬಲಗೈಗೆ, ಬಲಗಡೆ ಹಿಡಿ ಎಡಗೈಗೆ ತಗೊಂಡ್ರೆ ಉಲ್ಟಾ ಉರುಳತ್ತಾ?"

"ಲಟ್ಟಣಿಗೆಗೆ ಹಲ್ಲಿಲ್ಲ ಮೇಷ್ಟ್ರೇ."

"ಹಲ್ಲಿನ ವಿಷಯ ನಿಮ್ಮ ಯಜಮಾನರಿಗೆ ಬಿಡಿ. ಅವರು ಹಲ್ಲಿನ ಚಕ್ರದ ಮಧ್ಯೆಯೇ ಬೆಳೆದವರು."

ಗಡಿಯಾರಪ್ಪನ ತಲೆಯೊಳಗೆ ಏನೋ ಒಂದು ಟಿಕ್ ಅಂದದ್ದು ನಿಜ. ಕೈಗಡಿಯಾರದಲ್ಲಿ ಒಂದು ಚಕ್ರವನ್ನು ಹೊರಳಿಸಿ ಕೂರಿಸಿದರೆ ಮುಳ್ಳು ಏನು ಮಾಡುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿರಲಿಲ್ಲ. ಆದರೆ ಗೋಡೆಯ ಗಡಿಯಾರವೂ ಟಿಕ್ ಟಿಕ್ ಎನ್ನುತ್ತಿತ್ತು, ಒಂಬತ್ತಾಗಿತ್ತು. ಮುಳುಗುವವನು ಹುಲ್ಲುಕಡ್ಡಿ ಹಿಡಿಯುವಾಗ ಹುಲ್ಲಿನ ಜಾತಿ ಕೇಳುವುದಿಲ್ಲ.

"ಮಗುಚೋಣ" ಎಂದ.

ಆಕ್ಸಲ್ಲು ಮಗುಚಿ ಕೂರಿಸಲು ನಾಲ್ಕು ಗಂಟೆ ಹಿಡಿಯಿತು. ಹೆಡ್‌ಮಾಸ್ತರರು ಎಣಿಸಿದರು, ಟೈಲರ್ ಎತ್ತಿದ, ಗಡಿಯಾರಪ್ಪ ಕೆಳಗೆ ಮಲಗಿ ಬೋಲ್ಟು ಹುಡುಕಿದ. "ಒಂದು, ಎರಡು, ಮೂ—" ಎನ್ನುವಷ್ಟರಲ್ಲಿ ಹೆಡ್‌ಮಾಸ್ತರರಿಗೆ ಸೀನು ಬಂತು, ಟೈಲರ್ ಅದನ್ನೇ ಮೂರು ಎಂದು ತಿಳಿದು ಎತ್ತಿದ, ಜಾಕು ವಾಲಿತು. ಗಡಿಯಾರಪ್ಪ ಹಲ್ಲಿಯ ಹಾಗೆ ಹೊರಗೆ ಚಿಮ್ಮಿ ಬಂದ. ಎರಡನೇ ಸಲ ಹೆಂಡತಿಯೇ ಎಣಿಸಿದಳು. ಪೀಠಗಳು ಸ್ಪ್ರಿಂಗಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತವು.

"ನೋಡಿದ್ರಾ ಫಿಟ್ಟಿಂಗು!" ಟೈಲರ್ ಸಂತೋಷ ತಡೆಯಲಾರದೆ ಕಾರಿನ ಬೆನ್ನು ತಟ್ಟಿದ.

ಆಮೇಲೆ ಬ್ರೇಕು. ಹೊಸ ಕೊಳವೆಗಳೊಳಗಿನ ಗಾಳಿಯನ್ನೆಲ್ಲ ಹೊರತೆಗೆಯಬೇಕು. ಒಬ್ಬರು ಪೆಡಲ್ಲು ಒತ್ತುತ್ತಿರಬೇಕು, ಇನ್ನೊಬ್ಬರು ಚಕ್ರದ ಬಳಿ ಗಾಳಿ ಬಿಡುವ ತಿರುಪು ತಿರುಗಿಸುತ್ತಿರಬೇಕು. ಹೆಂಡತಿ ಚಾಲಕನ ಸೀಟಿನಲ್ಲಿ ಕೂತಳು.

"ಒತ್ತು!"

"ಒತ್ತಿದೆ."

"ಬಿಡು!"

"ಬಿಟ್ಟೆ."

"ಒತ್ತು!"

"ಹದಿನೆಂಟು ವರ್ಷದಿಂದ ಇದೇ ಆಯ್ತು ನಂದು" ಎಂದು ಅವಳು ಕಿಟಕಿಯಿಂದ ಟೈಲರನ ಹೆಂಡತಿಗೆ ಹೇಳಿದಳು. ಅವಳೂ ಕಾಂಪೌಂಡಿನ ಆಚೆಯಿಂದ ತಲೆಯಾಡಿಸಿದಳು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಕೆಲಸ ಮುಗಿಯಿತು. ಗಡಿಯಾರಪ್ಪ ಕೈ ಒರೆಸಿಕೊಂಡು, ಅಂಗಿ ಬದಲಾಯಿಸಿ, ಚಾಲಕನ ಸೀಟಿನಲ್ಲಿ ಮಂತ್ರಿಯ ಹಾಗೆ ಕೂತ. ಹೆಂಡತಿ ಕಾಗದಪತ್ರದ ಚೀಲ ಹಿಡಿದು ಹಿಂದಿನ ಸೀಟು ಹತ್ತಿದಳು. ಹೆಡ್‌ಮಾಸ್ತರರೂ ಟೈಲರನೂ ಗೇಟು ಪೂರ್ತಿ ತೆರೆದು ಎರಡು ಪಕ್ಕಕ್ಕೆ ನಿಂತರು. ಎಂಜಿನ್ನು ಎದ್ದಿತು. ಒಂದನೇ ಗೇರು. ಕ್ಲಚ್ಚು ಬಿಟ್ಟ.

ಕಾರು ಗೇಟಿಗೆ ಬೆನ್ನು ತೋರಿಸದೆ, ಅಂದರೆ ಮುಖ ಗೇಟಿನ ಕಡೆಗೇ ಇಟ್ಟುಕೊಂಡು, ರಾಜಸಭೆಯಿಂದ ಹೊರಡುವ ಸೇವಕನ ಹಾಗೆ ಹಿಂದೆ ಹಿಂದೆ ಸರಿಯಿತು. ಎರಡೂ ಮನೆಯವರು ಒಣಹಾಕಿದ್ದ ಬಟ್ಟೆಗಳ ಸಾಲನ್ನು ಹೊಕ್ಕಿತು. ಹಿಂದಿನ ಗಾಜಿಗೆ ಟೈಲರನ ಪಟ್ಟೆ ಪಟ್ಟೆ ಚಡ್ಡಿ ಅಂಟಿಕೊಂಡಿತು. "ರೀ! ಗೋಡೆ!" ಎಂದು ಹೆಂಡತಿ ಕಿರುಚಿದಳು. ಗಡಿಯಾರಪ್ಪ ಬ್ರೇಕು ಒತ್ತಿದ.

ಕಾರು ಮೊಳೆ ಹೊಡೆದಂತೆ ನಿಂತಿತು. ಗೋಡೆಗೂ ಅದಕ್ಕೂ ಒಂದು ಗೇಣು.

"ಬ್ರೇಕು ಬಹಳ ಚೆನ್ನಾಗಿದೆ" ಎಂದರು ಹೆಡ್‌ಮಾಸ್ತರರು.

ಎರಡನೇ ಗೇರು ಹಾಕಿ ಒಂಚೂರು ಬಿಟ್ಟು ನೋಡಿದ, ಹಿಂದೆ. ಮೂರನೇದು, ಹಿಂದೆ. ಗೇಣು ಬೆರಳಾಯಿತು. ಕೊನೆಗೆ, ಇನ್ನೇನು ಹೋಗುವುದು ಗೋಡೆಯೇ ತಾನೆ ಎಂದು, ರಿವರ್ಸ್ ಹಾಕಿದ. ಕಾರು ಗೊರಗೊರ ಎನ್ನುತ್ತ ಮುಂದೆ ಬಂತು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಟೈಲರ್ ತನ್ನ ಚಡ್ಡಿ ಬಿಡಿಸಿಕೊಳ್ಳುವುದರಲ್ಲಿ ಮಗ್ನನಾದ. ಹೆಡ್‌ಮಾಸ್ತರರು ಬೆಳಿಗ್ಗೆ ತಾವು ಬರೆದ ಚಿತ್ರವನ್ನು ಚಪ್ಪಲಿಯಿಂದ ಮೆಲ್ಲಗೆ ಅಳಿಸಿದರು.

"ನಾನು ಹೇಳಿದ್ದೆ" ಎಂದಳು ಹೆಂಡತಿ.

"ಹೇಳಿದ್ದೆ."

"ಲಟ್ಟಣಿಗೆಗೆ ಹಲ್ಲಿಲ್ಲ ಅಂತ."

"ಈಗ ಏನೇ ಮಾಡೋದು? ಮತ್ತೆ ಬಿಚ್ಚಿ ಹಾಕೋಕೆ ಒಂದು ದಿನ ಬೇಕು. ಅಲ್ಲಿ ಐದಕ್ಕೆ ಬಾಗಿಲು ಹಾಕ್ತಾರೆ."

"ಮುಂದೆ ಹೋಗೋ ಗೇರು ಒಂದಿದೆಯಲ್ಲ? ಅದರಲ್ಲೇ ನಡೀರಿ. ಅವರಿಗೆ ಬೇಕಾಗಿರೋದು ನಿಲ್ಲೋದು, ನಿಲ್ಲತ್ತೆ. ಪರವಾನಗಿ ಕೈಗೆ ಬಂದ್ಮೇಲೆ ನಾಳೆ ಸರಿ ಮಾಡ್ಕೊಳ್ಳಿ."

ಹೀಗೆ ಗಡಿಯಾರಪ್ಪ ರಿವರ್ಸ್ ಗೇರಿನಲ್ಲಿ ಮುಂದಕ್ಕೆ ಹೊರಟ. ವೇಗ ಹದಿನೈದು ಇರಬಹುದು. ಖಚಿತವಾಗಿ ಹೇಳುವ ಹಾಗಿರಲಿಲ್ಲ, ಏಕೆಂದರೆ ವೇಗದ ಮುಳ್ಳು ಸೊನ್ನೆಯಿಂದ ಕೆಳಗಿಳಿಯಲು ಒದ್ದಾಡುತ್ತಿತ್ತು. ಮುಳ್ಳೊಂದು ಉಲ್ಟಾ ತಿರುಗಲು ಹೆಣಗುವುದನ್ನು ನೋಡಲಾರದೆ ಅವನು ಅದರ ಮೇಲೆ ಕರವಸ್ತ್ರ ಹಾಕಿದ. ಕಾರಿನ ಹಿಂದೆ ರಿವರ್ಸಿನ ಬಿಳಿ ದೀಪ ಉರಿಯುತ್ತಿತ್ತು. ಹಿಂದೆ ಬರುವವರೆಲ್ಲ ಇವನು ಈಗ ಹಿಂದೆ ಬಂದಾನು, ಆಗ ಬಂದಾನು ಎಂದು ಹೆದರಿ ದೂರ ನಿಂತು ಹಾರನ್ನು ಹೊಡೆದರು. ಎರಡು ರಸ್ತೆ ಕಳೆಯುವಷ್ಟರಲ್ಲಿ ಗಡಿಯಾರಪ್ಪನ ಹಿಂದೆ ಒಂದು ಮೆರವಣಿಗೆಯೇ ಸೇರಿತ್ತು.

ವೃತ್ತದಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ.

"ರಿವರ್ಸ್ ಲೈಟು ಉರೀತಿದೆ."

"ರಿವರ್ಸಲ್ಲೇ ಇದೀನಿ ಸರ್."

"ಮುಂದೆ ಬರ್ತಿದೀರಲ್ರೀ?"

"ಹೌದು ಸರ್."

ಪೊಲೀಸಿನವನು ಗೇರಿನ ಹಿಡಿ ನೋಡಿದ, ರಸ್ತೆ ನೋಡಿದ, ಹತ್ತಿರ ಬಂದು "ಊದಿ" ಎಂದ. ಗಡಿಯಾರಪ್ಪ ಊದಿದ. ಚಹಾದ ವಾಸನೆ ಬಿಟ್ಟರೆ ಏನೂ ಬರಲಿಲ್ಲ. ಪೊಲೀಸಿನವನಿಗೆ ನಿರಾಸೆಯಾಯಿತು.

"ಹೋಗಿ" ಎಂದ. "ಯಾವ ಕಡೆ ಹೋಗತ್ತೋ ಆ ಕಡೆ ಹೋಗಿ."

ಸಾರಿಗೆ ಕಚೇರಿ ತಲುಪಿದಾಗ ಐದಕ್ಕೆ ಹದಿನೈದು ನಿಮಿಷವಿತ್ತು. ಇನ್ಸ್‌ಪೆಕ್ಟರು ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡು, ಕಂಕುಳಲ್ಲಿ ನಮೂನೆಯ ಕಡತ ಹಿಡಿದು ಬಂದರು. ಸಣಕಲು ಮನುಷ್ಯ. ನಗುವುದಿಲ್ಲ, ಬೈಯುವುದಿಲ್ಲ, ನಮೂನೆಯಲ್ಲಿ ಕೇಳಿದ್ದನ್ನು ಕೇಳುತ್ತಾರೆ, ಕಂಡದ್ದನ್ನು ಬರೆಯುತ್ತಾರೆ. ಬಂದು ಗಡಿಯಾರಪ್ಪನ ಪಕ್ಕದಲ್ಲಿ ಕೂತರು.

"ಮೂವತ್ತರ ವೇಗಕ್ಕೆ ಬಂದು, ಅಲ್ಲಿ ಬಿಳಿ ಗೆರೆ ಹತ್ರ ಬ್ರೇಕ್ ಹಾಕಿ."

ಗಡಿಯಾರಪ್ಪ ಹೊರಟ. ಕಾರು ಗೊರಗೊರ ಎಂದು ಮೈದಾನ ದಾಟಿತು. ಇನ್ಸ್‌ಪೆಕ್ಟರು ಮುಳ್ಳಿನ ಮೇಲಿನ ಕರವಸ್ತ್ರ ತೆಗೆದು ನೋಡಿದರು.

"ಸೊನ್ನೆ ತೋರಿಸ್ತಿದೆ. ಗೇರು ಬದಲಾಯಿಸಿ."

"ಈ ಗೇರೇ ಚೆನ್ನಾಗಿದೆ ಸರ್."

"ಬದಲಾಯಿಸಿ."

ಗಡಿಯಾರಪ್ಪ ಕಾರು ನಿಲ್ಲಿಸಿದ. ಹಿಂದಿನಿಂದ ಹೆಂಡತಿ ನಿಟ್ಟುಸಿರು ಬಿಟ್ಟಳು. "ಬದಲಾಯಿಸಿದ್ರೆ ಹಿಂದಕ್ಕೆ ಹೋಗತ್ತೆ ಸರ್. ಆಕ್ಸಲ್ ಉಲ್ಟಾ ಕೂತಿದೆ. ಉಳಿದ ನಾಲ್ಕೂ ಗೇರು ಹಿಂದಕ್ಕೇ."

ಮುಗಿಯಿತು ಎಂದುಕೊಂಡ ಗಡಿಯಾರಪ್ಪ. ಗುಜರಿ ಯಂತ್ರ ಕಬ್ಬಿಣವನ್ನು ಹಪ್ಪಳದ ಹಾಗೆ ಮುರಿಯುವ ಸದ್ದು ಅವನಿಗೆ ಕೇಳಿಸಿತು. ಇನ್ಸ್‌ಪೆಕ್ಟರು ಮಾತ್ರ ಕಡತ ಬಿಡಿಸಿ, ಬೆರಳಿಗೆ ಎಂಜಲು ಹಚ್ಚಿ, ಪುಟ ತಿರುವಿದರು. ಓದಿದರು. ಇನ್ನೊಂದು ಪುಟ ತಿರುವಿದರು.

"ಮೂವತ್ತರ ವೇಗದಲ್ಲಿ ಹೋಗುವಾಗ ಗೆರೆಯ ಬಳಿ ನಿಲ್ಲಬೇಕು ಅಂತಿದೆ. ಯಾವ ದಿಕ್ಕಿಗೆ ಹೋಗುವಾಗ ಅಂತ ಇಲ್ಲ" ಎಂದರು. "ಆ ತುದಿಗೆ ಹೋಗಿ, ಹಿಂದಕ್ಕೆ ಬನ್ನಿ."

ಆ ಮೈದಾನ ಅಂಥದ್ದನ್ನು ಹಿಂದೆ ಕಂಡಿರಲಿಲ್ಲ. ಗಡಿಯಾರಪ್ಪ ಕತ್ತು ತಿರುಚಿ ಒಂದನೇ ಗೇರು ಹಾಕಿದ, ಎರಡನೇದು ಹಾಕಿದ, ಮೂರನೇದು. ಹೊಸ ಆಕ್ಸಲ್ಲು ರೇಷ್ಮೆಯ ಹಾಗೆ ಸದ್ದಿಲ್ಲದೆ ತಿರುಗಿತು. "ಎಡಕ್ಕೆ ರೀ! ನಿಮ್ಮ ಎಡ ಅಲ್ಲ, ನನ್ನ ಎಡ!" ಎಂದು ಹೆಂಡತಿ ಹಿಂದಿನ ಗಾಜಿಗೆ ಮುಖ ಒತ್ತಿ ಕೂಗಿದಳು. ಇನ್ಸ್‌ಪೆಕ್ಟರು ಕದಲದೆ ಮುಳ್ಳನ್ನೇ ನೋಡುತ್ತಿದ್ದರು. "ಇಪ್ಪತ್ತು. ಇಪ್ಪತ್ತೈದು. ಮೂವತ್ತು. ಈ ಕಡೆ ಹೋದ್ರೆ ಮುಳ್ಳೂ ಸರಿಯಾಗೇ ತೋರಿಸತ್ತೆ. ಹಾಕಿ."

ಹಾಕಿದ. ಕಾರು ಗೆರೆಗಿಂತ ಒಂದು ಮೊಳ ಮೊದಲೇ ನಿಂತಿತು. ಕಿವಿಯ ಪೆನ್ನು ಹಾರಿ ಹಿಂದಿನ ಸೀಟಿಗೆ ಬಿತ್ತು. ಹೆಂಡತಿ ಎತ್ತಿ ಕೊಟ್ಟಳು.

"ಬ್ರೇಕು, ಉತ್ತಮ" ಎಂದು ಬರೆದರು ಇನ್ಸ್‌ಪೆಕ್ಟರು. "ಆಕ್ಸಲ್, ಸದ್ದಿಲ್ಲ. ಮುಂದಕ್ಕೆ ಹೋಗುವ ಗೇರುಗಳು… ಒಂದು. ಹಿಂದಕ್ಕೆ… ನಾಲ್ಕು. ಕನಿಷ್ಠ ಒಂದೊಂದಿರಬೇಕು ಅಂತ ನಿಯಮ. ನಿಮ್ಮದರಲ್ಲಿ ಹಿಂದಕ್ಕೆ ಮೂರು ಹೆಚ್ಚೇ ಇದೆ." ಐದಕ್ಕೆ ಎರಡು ನಿಮಿಷವಿದ್ದಾಗ ಠಪ್ ಎಂದು ಮುದ್ರೆ ಬಿತ್ತು.

ಗಡಿಯಾರಪ್ಪನಿಗೆ ಇನ್ಸ್‌ಪೆಕ್ಟರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಣ್ಣ ಮುಂದೆ ದೊಡ್ಡ ರಸ್ತೆ ಬಿಚ್ಚಿಕೊಂಡಿತು, ಎಂಬತ್ತರ ಗಾಳಿ ಕಿವಿಯಲ್ಲಿ ಊದಿತು. ಸಂತೋಷದಲ್ಲಿ ಬಾಯಿ ಜಾರಿತು:

"ಭಾಳ ಉಪಕಾರ ಆಯ್ತು ಸರ್. ನಾಳೆ ಬೆಳಿಗ್ಗೆ ಎದ್ದವನೇ ಆಕ್ಸಲ್ ಸರಿ ಮಾಡಿ ಕೂರಿಸಿಬಿಡ್ತೀನಿ."

"ಕೂರಿಸೋ ಹಾಗಿಲ್ಲ" ಎಂದರು ಇನ್ಸ್‌ಪೆಕ್ಟರು.

"ಅಂದ್ರೆ?"

"ಪರವಾನಗಿ ಕೊಟ್ಟಿರೋದು ಈ ಸ್ಥಿತಿಯಲ್ಲಿರೋ ಗಾಡಿಗೆ. ಇಲ್ಲಿ ಬರೆದಿರೋ ಹಾಗೇ ಇರಬೇಕು. ವರ್ಷಕ್ಕೊಂದು ಸಲ ನಾನೇ ಬಂದು ನೋಡ್ತೀನಿ. ಮುಂದಕ್ಕೆ ಒಂದು, ಹಿಂದಕ್ಕೆ ನಾಲ್ಕು. ವ್ಯತ್ಯಾಸ ಬಂದ್ರೆ ಪರವಾನಗಿ ರದ್ದು, ಗಾಡಿ ಗುಜರಿಗೆ."

"ಹಾಗಾದ್ರೆ… ಸರಿ ಮಾಡಿಸಿ, ಮತ್ತೆ ಅರ್ಜಿ ಹಾಕ್ತೀನಿ ಸರ್."

ಹಿಂದೆ ಕಿಟಕಿಯ ಶಟರು ಗಡಗಡ ಸದ್ದು ಮಾಡುತ್ತ ಕೆಳಗಿಳಿಯಿತು. ಇನ್ಸ್‌ಪೆಕ್ಟರು ಅದರ ಕಡೆ ಬೆರಳು ತೋರಿಸಿದರು. "ಅರ್ಜಿ ತಗೊಳ್ಳೋದು ಇವತ್ತಿಗೆ ಮುಗೀತು."

"ಅಲ್ಲ ಸರ್, ಏನಾದ್ರೂ ಕೆಟ್ರೆ? ರಿಪೇರಿನೂ ಮಾಡಿಸಬಾರದಾ?"

"ರಿಪೇರಿಗೆ ಅಡ್ಡಿ ಇಲ್ಲ" ಎಂದು ಇನ್ಸ್‌ಪೆಕ್ಟರು ಸಮಾಧಾನ ಹೇಳಿದರು. "ಸರಿ ಮಾತ್ರ ಹೋಗಬಾರದು."

"ಹಾಗಾದ್ರೆ ಆ ನಾಲ್ಕು ಗೇರಲ್ಲಿ ಹಿಂದಕ್ಕಾದ್ರೂ ಜೋರಾಗಿ ಹೋಗಬಹುದಾ ಸರ್? ದೊಡ್ಡ ರಸ್ತೇಲಿ?" ದನಿ ಅವನದೇ ಎಂದು ಅವನಿಗೇ ನಂಬಿಕೆ ಬರಲಿಲ್ಲ.

"ಸಾರ್ವಜನಿಕ ರಸ್ತೇಲಿ ಗಾಡಿ ಹಿಂದಕ್ಕೆ ಓಡಿಸೋದು ಅಪರಾಧ. ಗೊತ್ತಿಲ್ವಾ ನಿಮಗೆ?"

ಗೊತ್ತಿತ್ತು. ಗಡಿಯಾರಪ್ಪ ಕಾರು ಹತ್ತಿದ. ಹೆಂಡತಿ ಕಾಗದ ಓದಿ, ಮಡಿಸಿ, ಚೀಲದೊಳಗೆ ಇಟ್ಟಳು.

ಇನ್ಸ್‌ಪೆಕ್ಟರು ಕೊಠಡಿಗೆ ಬೀಗ ಹಾಕಿ ಹೊರಬಂದರು. ಎಷ್ಟಾದರೂ ಪರವಾನಗಿ ಕೊಟ್ಟವರು. ಗಡಿಯಾರಪ್ಪ ಕಿಟಕಿಯಿಂದ ತಲೆ ಹಾಕಿದ.

"ಯಾವ ಕಡೆ ಸರ್? ಬನ್ನಿ, ಬಿಟ್ಟು ಹೋಗ್ತೀನಿ."

"ಬೇಡ" ಎಂದರು ಅವರು, ಗೋಡೆಗೆ ಒರಗಿಸಿದ್ದ ಸೈಕಲ್ಲು ತೆಗೆಯುತ್ತ. "ನನಗೆ ಸ್ವಲ್ಪ ಅರ್ಜೆಂಟಿದೆ."

ಗಡಿಯಾರಪ್ಪ ರಿವರ್ಸ್ ಹಾಕಿ ಮುಂದಕ್ಕೆ ಹೊರಟ. ಇನ್ನೂ ಕಾಂಪೌಂಡಿನ ಗೇಟು ದಾಟಿರಲಿಲ್ಲ, ಹಿಂದಿನಿಂದ ಸೈಕಲ್ ಬೆಲ್ಲು ಕೇಳಿಸಿತು. ಅವನು ಎಡಕ್ಕೆ ಸರಿದು ಸೈಡು ಕೊಟ್ಟ.